ಅಲ್ಲಾಡಬೇಡಿಯವರ ಬಲಗೈ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ಸಿಗುವ ಎಕ್ಸ್-ರೇ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಒಬ್ಬರದೇ ಆಳ್ವಿಕೆ. ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಉಳಿದವರಿಗೆಲ್ಲ ಅವರು ‘ಅಲ್ಲಾಡಬೇಡಿ’ಯವರು. ಬಂದವರ ಎದೆಯನ್ನು ತಣ್ಣನೆಯ ಹಲಗೆಗೆ ಒತ್ತಿಸಿ, ಗದ್ದ ಮೇಲೆತ್ತಿಸಿ, ಭುಜ ಮುಂದಕ್ಕೆ ತಳ್ಳಿಸಿ, ತಾವು ಸೀಸದ ಗೋಡೆಯ ಹಿಂದೆ ಮರೆಯಾಗಿ, ಅಂಗೈಯಗಲದ ಗಾಜಿನಿಂದ ಇಣುಕಿ, “ಉಸಿರು ಎಳ್ಕೊಳ್ಳಿ... ಹಿಡೀರಿ... ಅಲ್ಲಾಡಬೇಡಿ!” ಎಂದು ಅವರು ಗುಡುಗಿದರೆ ಮುಗಿಯಿತು. ಪೈಲ್ವಾನನೂ ಕಂಬ, ಪೊಲೀಸನೂ ಕಂಬ, ಮೂರು ವರ್ಷದ ತುಂಟನೂ ಕಂಬ. ಒಮ್ಮೆ ಆಸ್ಪತ್ರೆಯ ಮುಖ್ಯಸ್ಥರೇ ಎದೆ ತೋರಿಸಲು ಬಂದವರು, “ಬಿಡಿ” ಎಂದು ಹೇಳಲು ಇವರು ಮರೆತದ್ದರಿಂದ, ನೀಲಿಗಟ್ಟುವ ತನಕ ಉಸಿರು ಹಿಡಿದುಕೊಂಡೇ ನಿಂತಿದ್ದರಂತೆ.

ಇಂಥ ಮಹಾನುಭಾವರಿಗೆ ಒಂದೇ ಒಂದು ದೌರ್ಬಲ್ಯ. ಸಂಜೆ ಸೀಸದ ಅಂಗಿಯನ್ನು ಗೂಟಕ್ಕೆ ಸಿಕ್ಕಿಸಿ ಸಂಗೀತ ಕಚೇರಿಗೆ ಬಂದು ಕೂತರೆಂದರೆ ಅವರ ಬಲಗೈ ಸುಮ್ಮನಿರುವುದಿಲ್ಲ.

ತಾಳ ಹಾಕುವವರು ಬೇಕಾದಷ್ಟು ಜನ ಇರುತ್ತಾರೆ. ಕೆಲವರು ಬೆರಳ ತುದಿಯಲ್ಲಿ, ಕೆಲವರು ತಲೆಯಲ್ಲಿ, ಕೆಲವರು ಪಕ್ಕದವರಿಗೆ ಗೊತ್ತಾಗದ ಹಾಗೆ ಹೆಬ್ಬೆರಳಿನಲ್ಲಿ. ಅಲ್ಲಾಡಬೇಡಿಯವರದು ಆ ಜಾತಿಯಲ್ಲ. ಮುಂದಿನ ಸಾಲಿನಲ್ಲಿ, ಬಲತುದಿಯಿಂದ ಮೂರನೇ ಕುರ್ಚಿಯಲ್ಲಿ ಕೂತು, ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ ತೊಡೆಯ ಮೇಲೆ ಇಳಿಸಿದರೆ ಆ ಪೆಟ್ಟು ಬಾಗಿಲಲ್ಲಿ ಟಿಕೆಟ್ ಹರಿಯುವವನಿಗೂ ಕೇಳಬೇಕು. ಅವರ ಕೈ ನೋಡಿ ಪಕ್ಕದವರು, ಪಕ್ಕದವರ ಕೈ ನೋಡಿ ಅವರ ಪಕ್ಕದವರು, ಹೀಗೆ ಇಡೀ ಸಾಲು ಒಂದೇ ಯಂತ್ರದ ಹಲ್ಲುಗಳಂತೆ ಏಳುತ್ತ ಬೀಳುತ್ತ ಸಾಗುತ್ತಿತ್ತು. ಅವರ ಹೆಂಡತಿ ಮದುವೆಯಾದ ವರ್ಷವೇ ಕಚೇರಿಗೆ ಬರುವುದನ್ನು ಬಿಟ್ಟರು. ಆವೇಶ ಏರಿದಾಗ ಯಜಮಾನರಿಗೆ ತೊಡೆ ಯಾರದು ಎಂಬ ವಿವೇಚನೆ ಉಳಿಯುತ್ತಿರಲಿಲ್ಲ.

ಅವರ ಅಕ್ಕನ ಮಗಳು ಹಾಡುಗಾರ್ತಿ. ಹಗಲು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುತ್ತಾಳೆ, ಸಂಜೆ ಹಾಡುತ್ತಾಳೆ. ಆರು ವರ್ಷದ ಮಗುವಾಗಿದ್ದಾಗ ಸೋದರಮಾವನ ಮಂಡಿಯೇ ಅವಳ ತಾಳದ ಪಾಠಶಾಲೆ. ಮಾವನ ಕೈ ನೋಡುತ್ತ ಹಾಡಿದಳು, ಮಾವನ ಕೈ ನೋಡುತ್ತ ಬೆಳೆದಳು. ಈಗ ಇಪ್ಪತ್ತೆಂಟು. ಏಳು ವರ್ಷದಿಂದ ತನ್ನ ಗುರುಗಳಾದ ಟೀಚರಮ್ಮನ ಬೆನ್ನ ಹಿಂದೆ ತಂಬೂರಿ ಹಿಡಿದು, ಅವರು ಬಿಟ್ಟಲ್ಲಿ ಎರಡು ಸಾಲು ಹಾಡಿ, ಮತ್ತೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಾಳೆ. ಆದರೂ ಕಷ್ಟದ ಜಾಗ ಬಂದಾಗ ಅವಳ ಕಣ್ಣು ತಾನಾಗಿ ಮುಂದಿನ ಸಾಲಿನ ಮೂರನೇ ಕುರ್ಚಿಗೆ ಜಾರುತ್ತದೆ.

ಮೂರು ತಿಂಗಳ ಹಿಂದೆ ಆ ಕುರ್ಚಿಯೇ ಅವಳನ್ನು ಮುಳುಗಿಸಿತು.

ಒಬ್ಬರ ಮನೆಯ ಮಹಡಿಯಲ್ಲಿ ನಲವತ್ತು ಜನರ ಎದುರು ಅವಳು ಮೊದಲ ಸಲ ಒಬ್ಬಳೇ ಹಾಡಿದ ದಿನ. ಒಂದು ಹಾಡಿನ ಸಾಹಿತ್ಯ ತಾಳದ ಪೆಟ್ಟಿನ ಮೇಲೆ ಶುರುವಾಗುವುದಿಲ್ಲ. ಪೆಟ್ಟು ಬಿದ್ದು, ಒಂದು ಕ್ಷಣ ತಡೆದು, ಆಮೇಲೆ ಮಾತು. ಅಲ್ಲಾಡಬೇಡಿಯವರ ಬಲಗೈ ಮಾತಿನ ಮೇಲೆಯೇ ಧಡ್ ಎಂದು ಬಿತ್ತು. ಸಾಲಿಗೆ ಸಾಲೇ ಅವರ ಹಿಂದೆ ಬಿತ್ತು. ಹೊಸಬನಾಗಿದ್ದ ಮೃದಂಗದವನು ಮೂವತ್ತು ಕೈಗಳು ಸುಳ್ಳು ಹೇಳಲಾರವು ಎಂದು ನಂಬಿ ಅತ್ತ ವಾಲಿದ. ಹುಡುಗಿ ಮಾವನನ್ನು ನೋಡಿದಳು, ಮೃದಂಗವನ್ನು ನೋಡಿದಳು, ತನ್ನ ಕೈಯನ್ನೇ ನೋಡಿಕೊಂಡಳು, ನಿಂತೇಬಿಟ್ಟಳು. ಆಮೇಲೆ ಎಲ್ಲರೂ ಆ ಮನೆಯ ಗೋಡೆ ಗಡಿಯಾರವನ್ನು ಭಾರೀ ಆಸಕ್ತಿಯಿಂದ ನೋಡತೊಡಗಿದರು.

“ಮೃದಂಗದವನು ತಪ್ಪಿದ,” ಎಂದು ಅಲ್ಲಾಡಬೇಡಿಯವರು ಅಂದೇ ತೀರ್ಪು ಕೊಟ್ಟರು. ಮೂರು ತಿಂಗಳಾದರೂ ಆ ತೀರ್ಪಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

ಟೀಚರಮ್ಮ ಹೆಚ್ಚು ಮಾತಾಡಲಿಲ್ಲ. ಮೃದಂಗದವನಿಗೆ, “ಹಾಡೋಳ ಕೈ ನೋಡಪ್ಪ, ಕೇಳೋರ ಕೈ ಅಲ್ಲ,” ಎಂದರು. ಶಿಷ್ಯೆಯನ್ನು ಕರೆದು, “ದೊಡ್ಡ ಸಭಾಂಗಣದಲ್ಲಿ ನಿಂಗೊಂದು ಸಂಜೆ ಕೊಡಿಸ್ತೀನಿ. ಪಲ್ಲವಿ ಹಾಡು. ಅದು ನಿನ್ನ ಕೈಯಲ್ಲೇ ನಿಂತ್ರೆ ಇನ್ಮೇಲೆ ನಿನ್ನ ಕಚೇರಿ ನಿಂದು. ಕುಸಿದ್ರೆ ಮತ್ತೆ ಎರಡು ವರ್ಷ ನನ್ನ ಹಿಂದೆ ಕೂತ್ಕೋ. ನಂಗೇನೂ ಬೇಜಾರಿಲ್ಲ, ತಂಬೂರಿ ಹೊರೋರು ಬೇಕಲ್ಲ,” ಎಂದರು.

ಆ ದಿನ ಹತ್ತಿರ ಬಂದಂತೆ ಅಕ್ಕನ ಮನೆಯಲ್ಲಿ ಯುದ್ಧಕಾಲದ ಸಭೆ ಸೇರಿತು. ವಿಷಯ ಒಂದೇ: ಬಲಗೈ.

“ನೀನು ಬರಲೇಬೇಡ,” ಎಂದರು ಅಕ್ಕ.

“ನಾನು ಬರದೆ ಇರ್ತೀನಾ? ಅವಳಿಗೆ ಸ ರಿ ಗ ಹೇಳ್ಕೊಟ್ಟೋನು ನಾನು!”

“ಹೇಳ್ಕೊಟ್ಟೋನೂ ನೀನೇ, ಮುಳುಗಿಸಿದೋನೂ ನೀನೇ.”

“ಅಕ್ಕಾ, ಅವತ್ತು ಮೃದಂಗ—”

“ಮೃದಂಗದ ಸುದ್ದಿ ಎತ್ತಿದ್ರೆ ನೋಡು ಮತ್ತೆ!”

ಹುಡುಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಮಾವ ಬರಲಿ ಬಿಡಮ್ಮ. ಕುರ್ಚಿ ಖಾಲಿ ಇದ್ರೆ ನಂಗೆ ಇನ್ನೂ ಭಯ ಆಗತ್ತೆ. ಆದ್ರೆ ಮಾವ, ಕೈ ಮಾತ್ರ...” ಎಂದು ನಿಲ್ಲಿಸಿದಳು. ಅವಳ ಕಣ್ಣು ನೋಡಿ ಅಲ್ಲಾಡಬೇಡಿಯವರು ಬಲಗೈಯನ್ನು ಜೇಬಿಗೆ ಇಳಿಸಿಕೊಂಡರು. “ಸರಿ ಕಣೇ. ಅಲ್ಲಾಡಿಸಲ್ಲ,” ಎಂದರು.

ಒಪ್ಪಂದ ಸಿದ್ಧವಾಯಿತು. ಬಲಗೈ ಅಕ್ಕನ ವಶದಲ್ಲಿರತಕ್ಕದ್ದು. ಎಡಗೈಗೂ ಅದೇ ನಿಯಮ. ತಲೆ ತೂಗಬಹುದು, ಆದರೆ ತಾಳಕ್ಕಲ್ಲ. ‘ಆಹಾ’ ಎನ್ನಬಹುದು, ಎರಡು ಸಲ.

ಆ ಸಂಜೆ ಸಭಾಂಗಣದಲ್ಲಿ ಸುಮಾರು ಇನ್ನೂರು ಜನ. ಮಡಿಸುವ ಕುರ್ಚಿಗಳ ಕಿರುಗುಟ್ಟುವಿಕೆ, ಮೇಲೆ ಮೂರು ಫ್ಯಾನು ತಿರುಗುತ್ತಿದ್ದರೆ ನಾಲ್ಕನೆಯದು ಯೋಚಿಸುತ್ತಿತ್ತು. ಅಲ್ಲಾಡಬೇಡಿಯವರು ತಮ್ಮ ಸಿಂಹಾಸನವನ್ನು ಏರಿದರು. ಎಡಕ್ಕೆ ಅಂಗರಕ್ಷಕಿಯಾಗಿ ಅಕ್ಕ. ಕೂತ ತಕ್ಷಣ ಅಕ್ಕ ತಮ್ಮ ಕೈಚೀಲವನ್ನು ತಮ್ಮನ ತೊಡೆಯ ಮೇಲಿಟ್ಟು, ಅವರ ಎರಡು ಕೈಗಳನ್ನೂ ಅದರ ಕೆಳಗೆ ಸೇರಿಸಿ, ಮೇಲೆ ತಮ್ಮ ಮೊಣಕೈ ಊರಿದರು. ಚೀಲದಲ್ಲಿ ಏನಿತ್ತೋ, ಇಟ್ಟಿಗೆಯಂತಿತ್ತು. ಅದೇ ಸಾಲಿನ ಮಧ್ಯದಲ್ಲಿ ಟೀಚರಮ್ಮ. ಅವರ ಮುಖ ನೋಡಿ ಏನಾದರೂ ತಿಳಿದುಕೊಳ್ಳುತ್ತೇನೆ ಎಂದವರು ಈವರೆಗೆ ಯಾರೂ ಗೆದ್ದಿಲ್ಲ.

ಎಡಪಕ್ಕದ ನಿವೃತ್ತ ಎಂಜಿನಿಯರು, ಸಾಲಿನಲ್ಲಿ ಇವರ ಮೊದಲ ಶಿಷ್ಯ, ಅಕ್ಕನ ಆಚೆಯಿಂದ ಬಗ್ಗಿ ಕೇಳಿದರು. “ಏನ್ ಸಾರ್, ಇವತ್ತು ಕೈ ಎಲ್ಲಿ?”

“ರಜಾ,” ಎಂದರು ಅಲ್ಲಾಡಬೇಡಿಯವರು ನೆಲ ನೋಡುತ್ತ.

“ಹಾಗಾದ್ರೆ ನಾವೇನು ನೋಡೋದು?”

“ವೇದಿಕೆ ನೋಡಿ!” ಎಂದರು ಅಕ್ಕ.

ಪರದೆ ಸರಿಯಿತು. ಹುಡುಗಿ ಮಧ್ಯದಲ್ಲಿ, ಬಲಕ್ಕೆ ಅದೇ ಮೃದಂಗದವನು, ಎಡಕ್ಕೆ ಪಿಟೀಲು ನುಡಿಸುವ ಹಿರಿಯರು. ಅವಳ ಬೆನ್ನ ಹಿಂದೆ ಈಗ ಇನ್ಯಾರೋ ತಂಬೂರಿ ಹಿಡಿದಿದ್ದರು. ಮೃದಂಗದವನು ಟೀಚರಮ್ಮನ ಮಾತನ್ನು ಎದೆಯಲ್ಲಿ ಕೆತ್ತಿಸಿಕೊಂಡು ಬಂದಿದ್ದ. ಸಭೆಯ ಕಡೆ ಕತ್ತು ತಿರುಗಿಸುವುದಿರಲಿ, ರೆಪ್ಪೆಯನ್ನೂ ಬಡಿಯದೆ ಹುಡುಗಿಯ ಬಲಗೈಯನ್ನೇ ದಿಟ್ಟಿಸುತ್ತಿದ್ದ. ಅವಳು ಆ ಕೈಯಿಂದ ಕೂದಲು ಸರಿಮಾಡಿಕೊಂಡಾಗ ಅವನ ಬೆರಳು ಮೃದಂಗದ ಮೇಲೆ ಸಣ್ಣಗೆ ಕುಣಿದದ್ದನ್ನು ಕಂಡವರಿದ್ದಾರೆ.

ಮೊದಲ ಹಾಡು ಹೂವಿನಂತೆ ಬಂತು. ಎರಡನೆಯದೂ. ಅಲ್ಲಾಡಬೇಡಿಯವರ ಬಲಗೈ ಚೀಲದ ಕೆಳಗೆ ಬಲೆಗೆ ಬಿದ್ದ ಮೊಲದಂತೆ ಅದುರುತ್ತಿತ್ತು. ಅವರು ತಮ್ಮ ಕೈಗೆ ತಾವೇ ಒಳಗೊಳಗೆ ಆಜ್ಞೆ ಕೊಟ್ಟುಕೊಂಡರು. ಪೈಲ್ವಾನರು ಕೇಳಿದ ಆಜ್ಞೆಯನ್ನು ಸ್ವಂತ ಕೈ ಕೇಳಲಿಲ್ಲ. ಮೂರನೆಯ ಹಾಡಿಗೆ ಹಣೆಯಲ್ಲಿ ಬೆವರು. ಆಲಾಪನೆ ಶುರುವಾದಾಗ ಸ್ವಲ್ಪ ಬಿಡುವು, ಅದರಲ್ಲಿ ತಾಳವಿಲ್ಲವಲ್ಲ. ಹುಡುಗಿ ರಾಗವನ್ನು ಕೆಳಗಿನಿಂದ ನಿಧಾನವಾಗಿ ಎತ್ತಿಕೊಂಡು ಹೋಗಿ ಮೇಲಿನ ಸ್ಥಾಯಿಯಲ್ಲಿ ಹಗುರವಾಗಿ ನಿಲ್ಲಿಸಿದಳು. ಅಲ್ಲಾಡಬೇಡಿಯವರು ಒಪ್ಪಂದದ ಎರಡೂ ‘ಆಹಾ’ಗಳನ್ನು ಅಲ್ಲೇ ಖರ್ಚು ಮಾಡಿದರು.

ಆಮೇಲೆ ಪಲ್ಲವಿ.

ಪಲ್ಲವಿ ಎಂದರೆ ಒಂದೇ ಒಂದು ಸಾಲು. ಅದನ್ನು ಹಿಡಿದು ಹಾಡುಗಾರ ಮೊದಲು ನಡಿಗೆಯಲ್ಲಿ, ಆಮೇಲೆ ಅದರ ಅರ್ಧ ವೇಗದಲ್ಲಿ, ಆಮೇಲೆ ದುಪ್ಪಟ್ಟು ವೇಗದಲ್ಲಿ ಹಾಡಬೇಕು. ತಾಳ ಮಾತ್ರ ಕದಲಬಾರದು. ಅವಳು ಆರಿಸಿಕೊಂಡದ್ದು ಒಂಬತ್ತು ಎಣಿಕೆಯ ತಾಳ. ಒಂದು ಪೆಟ್ಟು, ನಾಲ್ಕು ಬೆರಳು. ಆಮೇಲೆ ಪೆಟ್ಟು ಮತ್ತು ಅಂಗೈ ಮಗುಚು, ಇನ್ನೊಮ್ಮೆ ಪೆಟ್ಟು ಮತ್ತು ಮಗುಚು. ಕೊನೆಯ ಈ ಎರಡು ಜೋಡಿ ಅವಳಿ ಮಕ್ಕಳಿದ್ದ ಹಾಗೆ. ನೋಡಿದರೆ ಯಾವುದು ದೊಡ್ಡದು ಯಾವುದು ಚಿಕ್ಕದು ಗೊತ್ತಾಗುವುದಿಲ್ಲ. ಎಣಿಸುತ್ತ ಬಂದವನಿಗೆ ಮಾತ್ರ ಗೊತ್ತು.

ನಡಿಗೆಯ ವೇಗ ಚೆನ್ನಾಗಿ ಮುಗಿಯಿತು. ಅರ್ಧ ವೇಗಕ್ಕೆ ಇಳಿದಳು. ಈಗ ಮಾತುಗಳ ನಡುವೆ ದೂರ ಹೆಚ್ಚಾಯಿತು. ಒಂದು ಅಕ್ಷರ ಹಾಡಿ ಮುಂದಿನದಕ್ಕೆ ಕಾಯುವಷ್ಟರಲ್ಲಿ ಮನುಷ್ಯ ಮುದುಕನಾಗಬಹುದು. ಮೃದಂಗ ಸಣ್ಣಗೆ, ಅವಳ ಕೈಯ ನೆರಳಿನಂತೆ ಬರುತ್ತಿತ್ತು. ಸಭೆಯಲ್ಲಿ ಕೆಮ್ಮಿಲ್ಲ. ಮುಂದಿನ ಸಾಲು ಎಂದಿನ ನಾಯಕನಿಲ್ಲದೆ ಮಂಡಿಯ ಮೇಲೆ ಕೈಯಿಟ್ಟು ಸುಮ್ಮನಿತ್ತು.

ಅಲ್ಲಾಡಬೇಡಿಯವರಿಗೆ ತಡೆಯಲಾಗಲಿಲ್ಲ. ಒಪ್ಪಂದದಲ್ಲಿ ಕಾಲಿನ ವಿಚಾರ ಬಂದಿರಲಿಲ್ಲವಷ್ಟೆ? ಅವರ ಎಡಗಾಲಿನ ಹೆಬ್ಬೆರಳು ಬೂಟಿನೊಳಗೆ ಎದ್ದಿತು, ಬಿತ್ತು. ಎದ್ದಿತು, ಬಿತ್ತು. ಬೂಟಿನ ತುದಿ ಅಷ್ಟಷ್ಟೇ ಏಳತೊಡಗಿತು. ಎಂಜಿನಿಯರು ಅದನ್ನು ಕಂಡು ತಮ್ಮ ಚಪ್ಪಲಿಯ ತುದಿಯನ್ನೂ ಎತ್ತಿದರು. ಅಕ್ಕ ಎಂಜಿನಿಯರ ಕಾಲು ನೋಡಿದರು, ತಮ್ಮನ ಕಾಲು ನೋಡಿದರು, ತಮ್ಮ ಚಪ್ಪಲಿಯ ಹಿಮ್ಮಡಿಯನ್ನು ತಮ್ಮನ ಹೆಬ್ಬೆರಳಿನ ಮೇಲೆ ಊರಿದರು. ಅರವತ್ತೆರಡು ಕೆಜಿ ತೂಕದ ಹಿಮ್ಮಡಿ. ಅಲ್ಲಾಡಬೇಡಿಯವರ ಕಣ್ಣಲ್ಲಿ ನೀರು ಬಂತು, ಬಾಯಿಂದ ಶಬ್ದ ಬರಲಿಲ್ಲ.

ಸರಿಯಾಗಿ ಆಗಲೇ ಮೈಕು ಕೀ ಎಂದು ಕಿರುಚಿತು.

ಅರ್ಧ ಕ್ಷಣದ ಕಿರುಚು. ಮೂಲೆಯಲ್ಲಿದ್ದ ಮೈಕಿನವನು ಯಾವುದೋ ಗುಂಡಿ ತಿರುವಿದ, ಶಬ್ದ ನಿಂತಿತು. ಆದರೆ ಹುಡುಗಿಯ ಕಣ್ಣು ಮೈಕಿನತ್ತ ಹೋಗಿ ಬರುವಷ್ಟರಲ್ಲಿ ಅವಳ ಬಲಗೈ ಮಗುಚಿದ ಅಂಗೈಯಾಗಿ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಮಗುಚಿದ್ದು ಯಾವುದು? ಮೊದಲನೆಯ ಅವಳಿಯೋ, ಎರಡನೆಯದೋ? ಎರಡನೆಯದಾದರೆ ಮುಂದಿನ ಪೆಟ್ಟೇ ತಾಳದ ತಲೆ, ಹೊಸ ಸುತ್ತಿನ ಆರಂಭ. ಮೊದಲನೆಯದಾದರೆ ಇನ್ನೂ ಒಂದು ಜೋಡಿ ಬಾಕಿ.

ಅವಳ ಮುಖದಿಂದ ರಕ್ತ ಇಳಿದದ್ದು ಹಿಂದಿನ ಸಾಲಿನವರಿಗೂ ಕಂಡಿತು. ಬಾಯಿ ಒಂದೇ ಅಕ್ಷರವನ್ನು ಎಳೆಯುತ್ತಿತ್ತು, ಎಳೆದಷ್ಟು ಹೊತ್ತು ಯಾರಿಗೂ ಗೊತ್ತಾಗದು, ಆದರೆ ಉಸಿರಿಗೆ ಕೊನೆಯಿದೆ. ಮೃದಂಗದವನು ಅವಳ ಕೈಯನ್ನೇ ನಂಬಿ ಬಂದವನು, ಕೈ ನಿಂತಾಗ ಅವನೂ ನಿಂತ. ಪಿಟೀಲಿನ ಹಿರಿಯರು ಕಮಾನನ್ನು ತಂತಿಯ ಮೇಲೆ ಸವರುತ್ತ ಆ ಕಡೆ ಈ ಕಡೆ ನೋಡಿದರು.

ಹುಡುಗಿಯ ಕಣ್ಣು ಜಾರಿತು. ಮುಂದಿನ ಸಾಲು, ಮೂರನೇ ಕುರ್ಚಿ.

ಅಕ್ಕನ ಹಿಮ್ಮಡಿ ಥಟ್ಟನೆ ಮೇಲೆದ್ದಿತು. ಚೀಲ ನೆಲಕ್ಕೆ ಬಿತ್ತು. “ಹಾಕೋ!” ಎಂದರು ಹಲ್ಲಿನ ಸಂದಿಯಿಂದ.

“ಏನು?”

“ತಾಳ ಕಣೋ! ನಿನ್ನೇ ನೋಡ್ತಿದಾಳೆ!”

“ನೀನೇ ಅಲ್ವಾ ಬೇಡ ಅಂದಿದ್ದು—”

“ಈಗ ಹಾಕು ಅಂತಿದೀನಲ್ಲ, ಹಾಕೋ ಮಾರಾಯ!”

ಇಡೀ ಸಾಲು ಇವರತ್ತ ತಿರುಗಿತು. ಎಂಜಿನಿಯರ ಕೈ ತೊಡೆಯಿಂದ ಒಂದು ಗೇಣು ಮೇಲೆ ಆಗಲೇ ಸಿದ್ಧವಾಗಿ ನಿಂತಿತ್ತು. ಅದರಾಚೆ ಇನ್ನೂ ಐದಾರು ಕೈಗಳು. ಅಲ್ಲಾಡಬೇಡಿಯವರ ಬಲಗೈ ಬಿಡುಗಡೆಯಾಗಿತ್ತು. ಮೂರು ತಿಂಗಳ ಅವಮಾನ ಒಂದೇ ಪೆಟ್ಟಿನಲ್ಲಿ ತೊಳೆದುಹೋಗುವ ಮುಹೂರ್ತ. ಕೈ ತಾನಾಗಿಯೇ ಕಿವಿಯ ಮಟ್ಟಕ್ಕೆ ಏರಲು ಹೊರಟಿತು.

ಆದರೆ ಎಲ್ಲಿಗೆ ಇಳಿಸುವುದು? ಅವರಿಗೂ ಗೊತ್ತಿರಲಿಲ್ಲ.

ಹಿಮ್ಮಡಿ ಬಿದ್ದ ಹೊತ್ತಿನಲ್ಲಿ ಒಂದೆರಡು ಎಣಿಕೆ ನೋವಿನೊಳಗೆ ಎಲ್ಲೋ ಬಿದ್ದುಹೋಗಿತ್ತು. ಮೊದಲನೆಯ ಅವಳಿ ಎಂದು ಅರ್ಧ ಮನಸ್ಸು, ಎರಡನೆಯದು ಎಂದು ಇನ್ನರ್ಧ. ಆ ಒಂದು ಕ್ಷಣದಲ್ಲಿ ಅವರಿಗೆ ಮೂರು ತಿಂಗಳ ಹಿಂದಿನ ಮಹಡಿ ಸ್ಪಷ್ಟವಾಗಿ ಕಂಡಿತು. ಅವತ್ತೂ ಹೀಗೆಯೇ ಒಂದು ಅನುಮಾನ ಬಂದಿತ್ತು. ಬಂದದ್ದರಿಂದಲೇ ಅಷ್ಟು ಜೋರಾಗಿ ಹೊಡೆದಿದ್ದರು. ಮೃದಂಗದವನು ತಪ್ಪಿರಲಿಲ್ಲ. ಅವನು ನಂಬಿದ್ದ, ಅಷ್ಟೇ.

ಈಗ ಹೊಡೆದರೆ ಅವಳೂ ನಂಬುತ್ತಾಳೆ. ಇನ್ನೂರು ಜನರ ಎದುರು, ಟೀಚರಮ್ಮನ ಎದುರು, ಕಣ್ಣು ಮುಚ್ಚಿ ನಂಬುತ್ತಾಳೆ.

ಅಲ್ಲಾಡಬೇಡಿಯವರು ಎರಡೂ ಕೈಗಳನ್ನು ತಮ್ಮ ತೊಡೆಯ ಕೆಳಗೆ ತಾವೇ ತುರುಕಿಕೊಂಡರು. ಅವಳು ನೋಡುತ್ತಿರುವಂತೆಯೇ ಕಣ್ಣು ಗಟ್ಟಿಯಾಗಿ ಮುಚ್ಚಿದರು. ಇತಿಹಾಸದಲ್ಲಿ ವೀರರು ಬಾಣ ಬಿಟ್ಟು ಗೆದ್ದಿದ್ದಾರೆ, ಕತ್ತಿ ಬೀಸಿ ಗೆದ್ದಿದ್ದಾರೆ. ಮಡಿಸುವ ಕುರ್ಚಿಯ ಮೇಲೆ ಸ್ವಂತ ಕೈಗಳ ಮೇಲೆಯೇ ಕೂತುಕೊಂಡು, ಅಕ್ಕನಿಂದ ಪಕ್ಕೆಗೆ ಮೂರು ಬಾರಿ ತಿವಿಸಿಕೊಂಡು, ಏನೂ ಮಾಡದೆ ಇದ್ದ ವೀರನಿಗೆ ಇನ್ನೂ ಯಾರೂ ಪ್ರತಿಮೆ ನಿಲ್ಲಿಸಿಲ್ಲ.

“ಕೆಟ್ಟೇ ಹೋಯ್ತು,” ಎಂದು ಎಂಜಿನಿಯರು ಉಸುರಿದ್ದು ಕೇಳಿಸಿತು.

ಕತ್ತಲಲ್ಲಿ ಅವರು ಕಿವಿಯಾಗಿ ಕೂತರು. ಎಳೆದ ಅಕ್ಷರ ತೆಳ್ಳಗಾಯಿತು, ಇನ್ನೇನು ಹರಿಯಬೇಕು. ಹರಿಯಲಿಲ್ಲ. ಅದು ಮಾತನ್ನು ಬಿಟ್ಟು ಬರಿಯ ಸ್ವರವಾಗಿ, ಮೆಲ್ಲಗೆ ಇಳಿದು ಬಂದು ಮೂಲಸ್ವರ ಷಡ್ಜದಲ್ಲಿ ಕೂತಿತು. ತಂಬೂರಿಯ ಷಡ್ಜ, ಅವಳ ಷಡ್ಜ, ಎರಡೂ ಒಂದಾದವು. ಪಿಟೀಲು ಬಂದು ಅದೇ ಸ್ವರದ ಪಕ್ಕದಲ್ಲಿ ನಿಂತಿತು. ಎಷ್ಟು ಹೊತ್ತು? ಗಡಿಯಾರದ ಲೆಕ್ಕದಲ್ಲಿ ಐದಾರು ಸೆಕೆಂಡು. ಅಲ್ಲಾಡಬೇಡಿಯವರ ಲೆಕ್ಕದಲ್ಲಿ ನಿವೃತ್ತಿಯ ತನಕ.

ಆಮೇಲೆ ಒಂದು ಪೆಟ್ಟು ಕೇಳಿಸಿತು. ಅವಳ ಅಂಗೈ ಅವಳದೇ ತೊಡೆಯ ಮೇಲೆ, ಹೊಸದಾಗಿ, ತಲೆಯಿಂದ. ಮುಚ್ಚುಮರೆಯಿಲ್ಲದ ಪೆಟ್ಟು, ಇಲ್ಲಿಂದ ಶುರು ಎಂದು ಸಾರುವಂಥದ್ದು. ನಾಲ್ಕು ಬೆರಳು. ಪೆಟ್ಟು, ಮಗುಚು. ಪೆಟ್ಟು, ಮಗುಚು. ಒಂದು ಸುತ್ತು ಬರೀ ಕೈ, ಮಾತಿಲ್ಲ. ಎರಡನೆಯ ಸುತ್ತಿಗೆ ಮೃದಂಗ ಬಂದು ಸೇರಿತು. ಮೂರನೆಯ ಸುತ್ತಿಗೆ ಪಲ್ಲವಿಯ ಸಾಲು ಅದೇ ಅರ್ಧ ವೇಗದಲ್ಲಿ ಮೊದಲಿನಿಂದ ಎದ್ದಿತು. ಅಲ್ಲಾಡಬೇಡಿಯವರು ಕಣ್ಣು ತೆರೆದಾಗ ಹುಡುಗಿ ಮುಂದಿನ ಸಾಲನ್ನು ನೋಡುತ್ತಿರಲಿಲ್ಲ. ದುಪ್ಪಟ್ಟು ವೇಗಕ್ಕೆ ಏರಿದಾಗ ಮೃದಂಗದವನ ಮುಖದಲ್ಲಿ ಆ ಸಂಜೆಯ ಮೊದಲ ನಗು ಕಂಡಿತು. ಚಪ್ಪಾಳೆ ಬಿದ್ದಾಗಲೂ ಅಲ್ಲಾಡಬೇಡಿಯವರ ಕೈ ಹೊರಗೆ ಬರಲಿಲ್ಲ, ಜೋಮು ಹಿಡಿದಿತ್ತು.

ಗೆದ್ದಳೋ ಸೋತಳೋ? ಪಲ್ಲವಿ ತುಂಡಾಗಿತ್ತು, ಅದನ್ನು ಕಂಡವರು ಕಂಡಿದ್ದರು. ವೇದಿಕೆಯ ಹಿಂದಿನ ಇಕ್ಕಟ್ಟು ಕೋಣೆಗೆ ಟೀಚರಮ್ಮ ಬರುವಾಗ ಅಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಹುಡುಗಿ ನೀರಿನ ಲೋಟ ಹಿಡಿದಿದ್ದಳು, ಕುಡಿಯುತ್ತಿರಲಿಲ್ಲ.

“ತಪ್ಪಿತು,” ಎಂದರು ಟೀಚರಮ್ಮ.

“ಹೌದು ಟೀಚರ್.”

“ಎಲ್ಲಿ ಅಂತ ಗೊತ್ತಾಯ್ತಾ?”

“ಇಲ್ಲ ಟೀಚರ್. ಅದಕ್ಕೇ ಹೊಸದಾಗಿ ತಗೊಂಡೆ.”

ಟೀಚರಮ್ಮ ಬಾಗಿಲಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತಿದ್ದ ಅಲ್ಲಾಡಬೇಡಿಯವರ ಕಡೆ ತಿರುಗಿದರು. “ಅವಳು ನಿಮ್ಮನ್ನ ನೋಡಿದ್ಲು. ನೀವು ಯಾಕೆ ಹಾಕಲಿಲ್ಲ?”

ಎಂಥ ಅವಕಾಶ! ಅಕ್ಕನ ಮುಖದಲ್ಲಿ ಆಗಲೇ ತಮ್ಮನ ತ್ಯಾಗದ ಬಗ್ಗೆ ಹೆಮ್ಮೆ ಮೂಡುತ್ತಿತ್ತು. ‘ತನ್ನ ಕಾಲ ಮೇಲೆ ತಾನೇ ನಿಲ್ಲಲಿ ಅಂತ ಬಿಟ್ಟೆ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

“ನಂಗೂ ಗೊತ್ತಿರಲಿಲ್ಲಮ್ಮ. ಲೆಕ್ಕ ತಪ್ಪಿಹೋಗಿತ್ತು.”

“ಮತ್ತೆ ಮೂರು ತಿಂಗಳ ಹಿಂದೆ?”

“ಅವತ್ತೂ ಗೊತ್ತಿರಲಿಲ್ಲ.” ಮೃದಂಗಕ್ಕೆ ಗವುಸು ಹಾಕುತ್ತಿದ್ದವನ ಕಡೆ ಒಮ್ಮೆ ನೋಡಿ, “ತಪ್ಪು ನಂದು ಕಣಪ್ಪ, ನಿಂದಲ್ಲ,” ಎಂದರು.

ಮೃದಂಗದವನ ಕೈಯಿಂದ ಗವುಸು ಜಾರಿತು. ಅಕ್ಕ, ಮೂರು ತಿಂಗಳಿಂದ ಈ ಒಂದು ಮಾತಿಗಾಗಿ ಕಾದಿದ್ದವರು, ಈಗ ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಪೆಚ್ಚಾಗಿ ನಿಂತರು.

ಟೀಚರಮ್ಮ ತಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಬರೋ ಹದಿನೆಂಟನೇ ತಾರೀಕು ಇದೇ ಜಾಗದಲ್ಲಿ ಇನ್ನೊಂದು ಸಂಜೆ ಇದೆ,” ಎಂದು ಶಿಷ್ಯೆಗೆ ಹೇಳಿದರು. “ನಂಗೆ ಮಂಡಿ ನೋವು. ಬರಲ್ಲ. ನಿಂದು ನೀನು ಹಾಡ್ಕೋ.”

ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಟೀಚರ್, ತಂಬೂರಿ...”

“ಬೇರೆ ಯಾರಾದ್ರೂ ಹೊರ್ತಾರೆ. ನೀರು ಕುಡಿ ಮೊದಲು,” ಎಂದು ಟೀಚರಮ್ಮ ಹೊರಟೇಹೋದರು.

ಲೋಟ ಪಕ್ಕಕ್ಕಿಟ್ಟ ಹುಡುಗಿ ಅತ್ತಳೋ ನಕ್ಕಳೋ ಹೇಳುವುದು ಕಷ್ಟ. ಎರಡಕ್ಕೂ ಒಂದೇ ಸದ್ದು ಬರುತ್ತಿತ್ತು. ಅಲ್ಲಾಡಬೇಡಿಯವರು ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದರು. “ಹದಿನೆಂಟಕ್ಕೆ ನಾನು ಹಿಂದಿನ ಸಾಲಲ್ಲಿ ಕೂರ್ತೀನಿ ಕಣೇ. ಬಾಗಿಲ ಹತ್ರ.”

“ಬೇಡ ಮಾವ. ಅಲ್ಲೇ ಕೂತ್ಕೋ. ತಾಳಾನೂ ಹಾಕು, ನಾನು ನೋಡಲ್ಲ. ಗೊತ್ತಿಲ್ಲ ಅಂದಾಗ ಮಾತ್ರ ಇವತ್ತಿನ ಹಾಗೆ ಕಣ್ಣು ಮುಚ್ಕೋ.”

ಅಷ್ಟರಲ್ಲಿ ಅಕ್ಕನಿಗೆ ಮಾತು ವಾಪಸ್ಸು ಬಂದಿತ್ತು. “ಹಾಗಾದ್ರೆ ಮುಗೀತು,” ಎಂದರು ಚೀಲ ಎತ್ತಿಕೊಳ್ಳುತ್ತ. “ಶುರುವಿಂದ ಕೊನೇವರೆಗೂ ಕಣ್ಣು ಮುಚ್ಕೊಂಡೇ ಇರ್ತಾನೆ. ನೋಡಿದೋರು, ಪಾಪ, ಸೋದರಮಾವ ನಿದ್ದೆ ಹೋಗಿದಾರೆ ಅಂದ್ಕೋತಾರೆ.”